ಕೋಳಿಯ ಜೀನೋಮಿನಲ್ಲಿ ಕಾಣದ ಜೀನುಗಳನ್ನು ಹುಡುಕಿದ ಅನುಭವ

ಸಂಶೋಧನೆಯ ಎರಡನೆಯ ವರ್ಷದ ಕೊನೆಯಲ್ಲಿ ನಾನೊಂದು ಕೋಷ್ಟಕ ಸಿದ್ಧಪಡಿಸಿದೆ. ಒಂದು ಹೇಂಟೆಯ ರಕ್ತದಿಂದ ಡಿಎನ್‌ಎ ತೆಗೆದು, ಅದರ ಅಕ್ಷರಗಳನ್ನು ಸೀಕ್ವೆನ್ಸಿಂಗ್ ಯಂತ್ರದಲ್ಲಿ ಓದಿಸಿ, ಬಂದ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಮನುಷ್ಯರಲ್ಲೂ ಮೊಸಳೆ, ಹಲ್ಲಿಗಳಲ್ಲೂ ಇರುವ ಜೀನುಗಳ ಪೈಕಿ ಯಾವುವು ಕೋಳಿಯಲ್ಲಿವೆ, ಯಾವುವು ಇಲ್ಲ ಎಂದು ಗುರುತಿಸುವುದು ನನಗೆ ವಹಿಸಿದ್ದ ಕೆಲಸ. ಆ ಕೋಷ್ಟಕದ ಕೊನೆಯ ಅಂಕಣಕ್ಕೆ ನಾನು ‘ಹಕ್ಕಿಗಳಲ್ಲಿ ಕಳೆದುಹೋದವು’ ಎಂದು ಶೀರ್ಷಿಕೆ ಕೊಟ್ಟಿದ್ದೆ. ನನ್ನ ಮಾರ್ಗದರ್ಶಕಿ ಅದನ್ನು ಓದಿ, ಆ ಶೀರ್ಷಿಕೆಯ ಮೇಲೆ ಬೆರಳಿಟ್ಟು, “ಕಳೆದುಹೋಗಿವೆ ಎಂದು ನಿಮಗೆ ಹೇಗೆ ಗೊತ್ತಾಯಿತು? ನಿಮಗೆ ಸಿಗಲಿಲ್ಲ ಎಂಬುದಷ್ಟೇ ಅಲ್ಲವೇ ಇಲ್ಲಿರುವುದು?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಮುಂದಿನ ಒಂದೂವರೆ ವರ್ಷ ಕಳೆಯಿತು.

ಆಗ ನನ್ನ ಬಳಿ ಇದ್ದ ಸಮರ್ಥನೆ ದುರ್ಬಲವಾಗಿರಲಿಲ್ಲ. ನನ್ನ ಪಟ್ಟಿಯಲ್ಲಿದ್ದ ಬಹುಪಾಲು ಜೀನುಗಳು ಬೇರೆಯವರಿಗೂ ಸಿಕ್ಕಿರಲಿಲ್ಲ. ಕೋಳಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎಯ ಬರಹ, ಮೊದಲು ಪ್ರಕಟವಾದದ್ದು 2004ರಲ್ಲಿ. ಹತ್ತು ವರ್ಷಗಳ ನಂತರ, 2014ರಲ್ಲಿ, 48 ಜಾತಿಯ ಹಕ್ಕಿಗಳ ಜೀನೋಮುಗಳನ್ನು ಹೋಲಿಸಿದ ದೊಡ್ಡ ಅಧ್ಯಯನ ಹೊರಬಂತು. ಅದೇ ವರ್ಷ ಇನ್ನೊಂದು ತಂಡ, ಬೇರೆ ಕಶೇರುಕಗಳಲ್ಲಿದ್ದು ಹಕ್ಕಿಗಳಲ್ಲಿ ಮಾತ್ರ ಕಾಣದ 274 ಜೀನುಗಳ ಪಟ್ಟಿಯನ್ನು ಪ್ರಕಟಿಸಿತು. ಇಷ್ಟು ಹಕ್ಕಿಗಳಲ್ಲಿ ಹುಡುಕಿಯೂ ಸಿಗದ ಜೀನು, ಹಕ್ಕಿಗಳ ಪೂರ್ವಜರಲ್ಲೇ ಅಳಿದುಹೋಗಿರಬೇಕು ಎಂದು ಭಾವಿಸುವುದು ಸಹಜ. ಆದರೆ ಆ ಜೀನೋಮುಗಳಲ್ಲಿ ಹೆಚ್ಚಿನವು ಒಂದೇ ಬಗೆಯ ವಿಧಾನದಿಂದ, ಅಂದರೆ ಡಿಎನ್‌ಎಯನ್ನು ಸಣ್ಣ ತುಣುಕುಗಳಾಗಿ ಒಡೆದು, ಪ್ರತಿಗಳನ್ನು ಹೆಚ್ಚಿಸಿ ಓದುವ ವಿಧಾನದಿಂದ ತಯಾರಾದವು ಎಂಬುದನ್ನು ನಾನು ಗಮನಕ್ಕೆ ತಂದುಕೊಂಡಿರಲಿಲ್ಲ. ಒಂದೇ ಜರಡಿಯಲ್ಲಿ 48 ಬಗೆಯ ಕಾಳನ್ನು ಜಾಲಿಸಿ, ಯಾವುದರಲ್ಲೂ ದಪ್ಪ ಕಾಳು ಕೆಳಗೆ ಬೀಳಲಿಲ್ಲ ಎಂದರೆ, ಅದು 48 ಸಾಕ್ಷಿಗಳ ಹೇಳಿಕೆಯಲ್ಲ, ಒಂದು ಜರಡಿಯ ಹೇಳಿಕೆ.

ಮಾರ್ಗದರ್ಶಕಿಯವರು ಸೂಚಿಸಿದ ಪರೀಕ್ಷೆ ಸರಳವಾಗಿತ್ತು. ಕೋಳಿಯಲ್ಲಿ ಇದೆ ಎಂದು ಈಗಾಗಲೇ ರುಜುವಾತಾಗಿರುವ, ಆದರೆ ಬಹುಕಾಲ ಯಾರಿಗೂ ಸಿಗದೆ ಸತಾಯಿಸಿದ ಜೀನೊಂದನ್ನು ಮೊದಲು ನನ್ನ ದತ್ತಾಂಶದಲ್ಲಿ ಹುಡುಕಬೇಕು. ಅದು ಸಿಗದಿದ್ದರೆ, ಉಳಿದವು ಕಳೆದುಹೋಗಿವೆ ಎನ್ನುವ ಹಕ್ಕು ನನಗಿಲ್ಲ. ಆ ಪರೀಕ್ಷೆಗೆ ನಾವು ಆರಿಸಿಕೊಂಡದ್ದು ಲೆಪ್ಟಿನ್ ಜೀನು.

ಲೆಪ್ಟಿನ್ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಇಲಿಯಲ್ಲಿ ಈ ಹಾರ್ಮೋನಿನ ಜೀನು ಪತ್ತೆಯಾದದ್ದು 1994ರಲ್ಲಿ. ಸಸ್ತನಿಗಳಲ್ಲಿ ಅದು ಕೊಬ್ಬಿನ ಅಂಗಾಂಶದಿಂದ ಹೊರಟು, ದೇಹದಲ್ಲಿ ಎಷ್ಟು ಸಂಗ್ರಹವಿದೆ ಎಂಬುದನ್ನು ಮಿದುಳಿಗೆ ತಿಳಿಸುತ್ತದೆ. 1998ರ ಹೊತ್ತಿಗೆ ಕೋಳಿಯಲ್ಲೂ ಅದು ಸಿಕ್ಕಿತೆಂಬ ವರದಿ ಬಂತು, ಆದರೆ ವರದಿಯಾದ ಅನುಕ್ರಮ (ಡಿಎನ್‌ಎ ಅಕ್ಷರಗಳ ಸಾಲು) ಇಲಿಯದಕ್ಕೆ ನಂಬಲಾಗದಷ್ಟು ಹತ್ತಿರವಾಗಿತ್ತು. ಸಸ್ತನಿಗಳ ಮತ್ತು ಹಕ್ಕಿಗಳ ವಂಶಗಳು ಬೇರೆಯಾಗಿ 30 ಕೋಟಿ ವರ್ಷಕ್ಕೂ ಹೆಚ್ಚಾಗಿರುವಾಗ ಅಷ್ಟು ಹೋಲಿಕೆ ಉಳಿಯುವುದು ಕಷ್ಟ. 2004ರ ಜೀನೋಮಿನಲ್ಲಿ ಆ ಅನುಕ್ರಮ ಕಾಣಲೇ ಇಲ್ಲ. ಲೆಪ್ಟಿನ್ ಬಂದು ಕೂರುವ ಗ್ರಾಹಕದ ಜೀನು ಮಾತ್ರ ಕೋಳಿಯಲ್ಲಿ ಸುಸ್ಥಿತಿಯಲ್ಲಿತ್ತು. 2014ರಲ್ಲಿ ಝೀಬ್ರಾ ಫಿಂಚ್, ಪೆರೆಗ್ರಿನ್ ಫಾಲ್ಕನ್, ಪಾರಿವಾಳಗಳಲ್ಲಿ ನಿಜವಾದ ಲೆಪ್ಟಿನ್ ಪತ್ತೆಯಾಯಿತು. 2016ರಲ್ಲಿ ಕೋಳಿ ಮತ್ತು ಬಾತುಕೋಳಿಗಳಲ್ಲಿ. ಸಿಕ್ಕ ಜೀನು ಇಲಿಯದನ್ನು ಹೋಲುತ್ತಿರಲಿಲ್ಲ, ಮತ್ತು ಡಿಎನ್‌ಎಯ ನಾಲ್ಕು ಅಕ್ಷರಗಳ ಪೈಕಿ ಗ್ವಾನಿನ್ (ಜಿ) ಮತ್ತು ಸೈಟೋಸಿನ್ (ಸಿ) ಎಂಬ ಎರಡೇ ಅದರ ತುಂಬ ಕಿಕ್ಕಿರಿದಿದ್ದವು.

ಈ ಎರಡು ಅಕ್ಷರಗಳಲ್ಲೇ ತೊಂದರೆಯ ಮೂಲವಿದೆ. ಡಿಎನ್‌ಎಯ ಎರಡು ಎಳೆಗಳ ನಡುವೆ ಅಡೆನಿನ್–ಥೈಮಿನ್ ಜೋಡಿಯನ್ನು ಎರಡು ಜಲಜನಕ ಬಂಧಗಳು ಹಿಡಿದಿದ್ದರೆ, ಗ್ವಾನಿನ್–ಸೈಟೋಸಿನ್ ಜೋಡಿಯನ್ನು ಮೂರು ಹಿಡಿದಿರುತ್ತವೆ, ಅಂಥ ಜೋಡಿಗಳು ಒಂದರ ಮೇಲೊಂದು ಒತ್ತಿ ಕೂರುವುದೂ ಹೆಚ್ಚು ಬಿಗಿಯಾಗಿ. ಪ್ರತಿ ತೆಗೆಯುವ ಮುನ್ನ ಎಳೆಗಳನ್ನು ಕಾಯಿಸಿ ಬಿಡಿಸಬೇಕು. ಜಿ–ಸಿ ತುಂಬಿದ ತುಣುಕುಗಳು ಪೂರ್ತಿ ಬಿಡಿಸಿಕೊಳ್ಳುವುದಿಲ್ಲ, ಬಿಡಿಸಿಕೊಂಡರೂ ತಣ್ಣಗಾಗುತ್ತಿದ್ದಂತೆ ತಮ್ಮ ಮೇಲೆ ತಾವೇ ಮಡಚಿಕೊಳ್ಳುತ್ತವೆ. ಗ್ವಾನಿನ್‌ಗಳ ಸರಣಿಗಳು ಹತ್ತಿರ ಹತ್ತಿರ ಇದ್ದ ಕಡೆ, ನಾಲ್ಕು ನಾಲ್ಕು ಗ್ವಾನಿನ್‌ಗಳು ಚೌಕವಾಗಿ ಕೂಡಿ, ಚೌಕದ ಮೇಲೆ ಚೌಕ ಪೇರಿಕೊಂಡು, ಪ್ರತಿ ತೆಗೆಯುವ ಪಾಲಿಮರೇಸ್ ಕಿಣ್ವ ದಾಟಲಾರದ ಗಂಟಾಗುತ್ತವೆ. ಸಾಮಾನ್ಯ ತುಣುಕು ಪ್ರತಿ ಸುತ್ತಿನಲ್ಲೂ ಇಮ್ಮಡಿಯಾಗುತ್ತ ಹೋದರೆ, ಇಂಥ ತುಣುಕು ಹಿಂದೆ ಬೀಳುತ್ತದೆ. ಹತ್ತು ಸುತ್ತು ಮುಗಿಯುವುದರೊಳಗೆ ಅದರ ಪಾಲು ಲೆಕ್ಕಕ್ಕೆ ಸಿಗದಷ್ಟು ಕುಗ್ಗಿರುತ್ತದೆ.

ನಾನು ಮೊದಲು ನನ್ನ ಜೋಡಿಸಿದ ಜೀನೋಮಿನಲ್ಲೇ ಹುಡುಕಿದೆ. ಕೋಳಿಯ ಲೆಪ್ಟಿನ್ ಅನುಕ್ರಮವನ್ನು ಪ್ರಶ್ನೆಯಾಗಿ ಕೊಟ್ಟು ಹುಡುಕಿದಾಗ ಒಂದೇ ಒಂದು ಹೊಂದಿಕೆಯೂ ಬರಲಿಲ್ಲ. ಇದೆ ಎಂದು ನಿಶ್ಚಿತವಾಗಿ ಗೊತ್ತಿರುವ ಜೀನು ನನ್ನ ಜೀನೋಮಿನಲ್ಲಿ ಇರಲಿಲ್ಲ. ಕೋಷ್ಟಕದ ಕೊನೆಯ ಅಂಕಣದ ಮೇಲೆ ನನಗಿದ್ದ ನಂಬಿಕೆ ಅಂದೇ ಹೋಯಿತು ಎಂದು ಹೇಳಿದರೆ ತಪ್ಪಾಗದು.

ನಂತರ ಜೋಡಣೆಯನ್ನು ಬದಿಗಿಟ್ಟು, ಯಂತ್ರದಿಂದ ಬಂದ ಕಚ್ಚಾ ರೀಡುಗಳಲ್ಲಿ, ಅಂದರೆ ಅದು ಓದಿದ ಬಿಡಿ ತುಣುಕುಗಳಲ್ಲಿ, ಹುಡುಕಿದೆ. ಜೋಡಣೆಯ ತಂತ್ರಾಂಶ ತನಗೆ ಸಾಕಷ್ಟು ಸಾಕ್ಷ್ಯ ಸಿಗದ ತುಣುಕುಗಳನ್ನು ದೋಷವೆಂದು ಭಾವಿಸಿ ಕೈಬಿಡುವುದುಂಟು, ಆದ್ದರಿಂದ ಜೋಡಣೆಯಲ್ಲಿ ಇಲ್ಲದ್ದು ಕಚ್ಚಾ ರೀಡುಗಳಲ್ಲಿ ಇರಬಹುದು. ಇಲ್ಲಿ ಮೊದಲ ಸುಳಿವು ಸಿಕ್ಕಿತು. ನನ್ನ ದತ್ತಾಂಶದಲ್ಲಿ ಜೀನೋಮಿನ ಪ್ರತಿಯೊಂದು ಸ್ಥಾನವನ್ನೂ ಸರಾಸರಿ 60 ಬಾರಿ ಓದಲಾಗಿತ್ತು. ಹೇಂಟೆಯಲ್ಲಿ ಝಡ್ ಲಿಂಗ ವರ್ಣತಂತು ಒಂದೇ ಇರುವುದರಿಂದ ಅಲ್ಲಿ ಓದು 30ಕ್ಕೆ ಇಳಿಯುವುದು ನಿರೀಕ್ಷಿತ, ಹಾಗೆಯೇ ಇಳಿದೂ ಇತ್ತು. ಲೆಪ್ಟಿನ್ ಇರುವ ಕಡೆ ಮಾತ್ರ ಎರಡೋ ಮೂರೋ ರೀಡುಗಳು. ಅವೂ ಜೀನಿನ ಅಂಚಿನಿಂದ ಆರಂಭವಾಗಿ, ಒಳಕ್ಕೆ ಹೋಗುತ್ತ ಗುಣಮಟ್ಟ ಕುಸಿದು, ಕೊನೆಯ ಅಕ್ಷರಗಳು ನಂಬುವಂತಿರಲಿಲ್ಲ. ನಡುವಿನ ಭಾಗಕ್ಕೆ ಒಂದು ರೀಡೂ ಇರಲಿಲ್ಲ.

ಒಂದು ಜೀನಿನ ಕಥೆಯನ್ನು ಇಡೀ ಜೀನೋಮಿಗೆ ಹೊಂದಿಸಿ ನೋಡಲು, ಜೋಡಿಸಿದ ಜೀನೋಮನ್ನು ಸಾವಿರ ಅಕ್ಷರಗಳ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನ ಜಿ–ಸಿ ಪ್ರಮಾಣವನ್ನು ಅಡ್ಡಕ್ಕೂ, ಅದು ಎಷ್ಟು ಬಾರಿ ಓದಲ್ಪಟ್ಟಿದೆ ಎಂಬುದನ್ನು ಉದ್ದಕ್ಕೂ ಇಟ್ಟು ನಕ್ಷೆ ಬರೆದೆ. ಕೋಳಿಯ ಜೀನೋಮಿನ ಸರಾಸರಿ ಜಿ–ಸಿ ಪ್ರಮಾಣ ನೂರಕ್ಕೆ ಸುಮಾರು 42. ಆ ಸರಾಸರಿಯ ಎರಡೂ ಬದಿಯಲ್ಲಿ ಚುಕ್ಕೆಗಳು 60 ಬಾರಿ ಓದಿನ ಗೆರೆಯ ಮೇಲೆ ದಟ್ಟವಾಗಿ ಮಲಗಿದ್ದವು. ಜಿ–ಸಿ ಪ್ರಮಾಣ ನೂರಕ್ಕೆ 60 ದಾಟುತ್ತಿದ್ದಂತೆ ಇಳಿಯತೊಡಗಿ, 70ರ ಬಳಿ ಚುಕ್ಕೆಗಳೇ ವಿರಳವಾದವು. ನಕ್ಷೆಯ ಬಲತುದಿ ಖಾಲಿಯಾಗಿತ್ತು. ಅಷ್ಟು ಜಿ–ಸಿ ಇರುವ ಭಾಗಗಳು ಕೋಳಿಯಲ್ಲಿ ಕಡಿಮೆ ಎಂದು ನಾನು ಅದನ್ನು ಅರ್ಥೈಸಿದೆ. ಅದು ತಪ್ಪೆಂದು ತಿಳಿಯಲು ಕೆಲವು ವಾರಗಳೇ ಬೇಕಾದವು: ನಾನು ಚುಕ್ಕೆ ಇಟ್ಟದ್ದು ಜೋಡಣೆಯೊಳಗೆ ಬಂದ ತುಂಡುಗಳಿಗೆ ಮಾತ್ರ. ಅತಿಹೆಚ್ಚು ಪೆಟ್ಟು ತಿಂದ ಭಾಗಗಳು ಜೋಡಣೆಗೇ ಬಂದಿರಲಿಲ್ಲವಾದ್ದರಿಂದ, ತಮ್ಮ ಗೈರುಹಾಜರಿಯನ್ನು ತೋರಿಸಲು ಅವುಗಳಿಗೆ ನಕ್ಷೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ದತ್ತಾಂಶದ ಕೊರತೆಯನ್ನು ಅದೇ ದತ್ತಾಂಶದಿಂದ ಅಳೆಯಲು ಹೊರಟಿದ್ದೆ. ಹತ್ತಾರು ಸಾವಿರ ಅಕ್ಷರಗಳ ಉದ್ದ ರೀಡುಗಳಿಂದ ಸಿದ್ಧವಾದ, ಹೋಲಿಕೆಗೆ ಬಳಸುವ ಹೊಸ ಆಕರ ಜೀನೋಮಿನ ಮೇಲೆ ಅದೇ ರೀಡುಗಳನ್ನು ಹರಡಿ ನಕ್ಷೆಯನ್ನು ಮತ್ತೆ ಬರೆದಾಗ, ಬಲತುದಿಯಲ್ಲಿ ನೆಲಕ್ಕಂಟಿದ ಚುಕ್ಕೆಗಳ ಸಾಲೇ ಕಾಣಿಸಿತು.

ಆ ಚುಕ್ಕೆಗಳು ಎಲ್ಲಿಂದ ಬಂದವೆಂದು ನೋಡಿದಾಗ, ಬಹುಪಾಲು ಸೂಕ್ಷ್ಮ ವರ್ಣತಂತುಗಳಿಂದ ಮತ್ತು ದೊಡ್ಡ ವರ್ಣತಂತುಗಳ ತುದಿಗಳಿಂದ. ಕೋಳಿಯಲ್ಲಿ 39 ಜೊತೆ ವರ್ಣತಂತುಗಳಿವೆ. ಕೆಲವು ನಮ್ಮ ವರ್ಣತಂತುಗಳಷ್ಟು ದೊಡ್ಡವು; ಹೆಚ್ಚಿನವು ತೀರ ಚಿಕ್ಕವು, ಸೂಕ್ಷ್ಮದರ್ಶಕದಲ್ಲಿ ಚುಕ್ಕೆಗಳಂತೆ ಕಾಣುವವು. ಈ ಚಿಕ್ಕವು ಜೀನೋಮಿನ ಉದ್ದದಲ್ಲಿ ಸುಮಾರು ಕಾಲು ಭಾಗವಿದ್ದರೂ ಜೀನುಗಳಲ್ಲಿ ಅರ್ಧದ ಹತ್ತಿರ ಅವುಗಳಲ್ಲೇ ಇವೆ. ಅಂಡ ಮತ್ತು ವೀರ್ಯಾಣುಗಳು ರೂಪುಗೊಳ್ಳುವಾಗ ಪ್ರತಿ ಜೊತೆ ವರ್ಣತಂತುವಿನಲ್ಲೂ ಕನಿಷ್ಠ ಒಂದು ಕಡೆ ತುಂಡುಗಳ ಅದಲುಬದಲು ನಡೆಯಬೇಕು. ಉದ್ದ ವರ್ಣತಂತುವಿನಲ್ಲಿ ಅದು ವಿಶಾಲವಾದ ಜಾಗದಲ್ಲಿ ಹಂಚಿಹೋಗುತ್ತದೆ. ಗಿಡ್ಡ ವರ್ಣತಂತುವಿನಲ್ಲಿ ಅದೇ ಕೆಲವು ಜಾಗಗಳ ಮೇಲೆ ಪೀಳಿಗೆ ಪೀಳಿಗೆಯೂ ಬೀಳುತ್ತದೆ. ಅದಲುಬದಲಾದ ಕಡೆ ಎರಡು ಎಳೆಗಳ ಅಕ್ಷರಗಳು ಹೊಂದದಿದ್ದರೆ ಜೀವಕೋಶ ರಿಪೇರಿ ಮಾಡುತ್ತದೆ, ಆ ರಿಪೇರಿಯಲ್ಲಿ ಗ್ವಾನಿನ್, ಸೈಟೋಸಿನ್‌ಗಳ ಕಡೆಗೆ ಒಂದು ಸಣ್ಣ ಒಲವು ಇರುತ್ತದೆ. ಕೋಟ್ಯಂತರ ವರ್ಷ ಈ ಸಣ್ಣ ಒಲವು ಕೂಡುತ್ತ ಹೋಗಿ, ಆ ಭಾಗದ ಜೀನುಗಳು ಜಿ–ಸಿಯಿಂದ ತುಂಬಿಹೋದವು. ಜೀನು ಚೆನ್ನಾಗಿ ಕೆಲಸ ಮಾಡುತ್ತಲೇ ಇರುತ್ತದೆ. ಜೀವಕೋಶದೊಳಗಿನ ಪಾಲಿಮರೇಸಿಗೆ ಗಂಟು ಬಿಡಿಸಿಕೊಡುವ ಸಹಾಯಕ ಪ್ರೊಟೀನುಗಳಿವೆ. ನಮ್ಮ ಪರೀಕ್ಷಾ ನಳಿಕೆಯಲ್ಲಿ ಆ ಸಹಾಯಕರಿಲ್ಲ.

ಮುಂದಿನ ಹೆಜ್ಜೆ ಪ್ರಯೋಗಾಲಯದ ಮೇಜಿನ ಮೇಲಿನದು. ಹಕ್ಕಿಗಳ ಕೆಂಪು ರಕ್ತಕಣಗಳಿಗೆ ಕೋಶಕೇಂದ್ರ ಇರುವುದರಿಂದ, ರೆಕ್ಕೆಯ ರಕ್ತನಾಳದಿಂದ ತೆಗೆದ ಒಂದೆರಡು ಹನಿಯಲ್ಲೇ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ. ಪದಾರ್ಥದ ಕೊರತೆ ಎಂದು ನಾನು ಹೇಳುವಂತಿರಲಿಲ್ಲ. ಲೆಪ್ಟಿನ್ನಿನ ಎರಡೂ ಬದಿಗೆ ಪ್ರೈಮರ್ (ಪ್ರತಿ ತೆಗೆಯುವುದನ್ನು ಆರಂಭಿಸಿಕೊಡುವ ಸಣ್ಣ ಡಿಎನ್‌ಎ ಚೂರು) ಮಾಡಿಸಿ, ನಡುವಿನ ಭಾಗದ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಹಾಕಿದೆ. ಮೊದಲ ಸಲ, ಡಿಎನ್‌ಎ ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸಿ ಹೊಳೆಯುವ ಪಟ್ಟಿಗಳಾಗಿ ತೋರಿಸುವ ಜೆಲ್ಲಿನಲ್ಲಿ, ಹೋಲಿಕೆಗೆಂದು ಹಾಕಿದ ಬೇರೊಂದು ಜೀನಿನ ಪಟ್ಟಿ ಪ್ರಕಾಶಮಾನವಾಗಿ ಹೊಳೆಯಿತು, ಲೆಪ್ಟಿನ್ನಿನ ಸಾಲುಗಳಲ್ಲಿ ಮಾತ್ರ ಮಾದರಿ ಸುರಿಯುವ ಕುಳಿಯಿಂದ ಕೆಳಕ್ಕೆ ಎಳೆದ ಮಸುಕು ಬಿಟ್ಟರೆ ಏನೂ ಇರಲಿಲ್ಲ. ಎಳೆ ಬಿಡಿಸುವ ಉಷ್ಣತೆಯನ್ನು ಏರಿಸಿದೆ, ಎಳೆಗಳ ಬಿಗಿ ಸಡಿಲಿಸುವ ಬೀಟೇನ್ ಸೇರಿಸಿದೆ, ಅಂಥದ್ದೇ ಇನ್ನೊಂದು ರಾಸಾಯನಿಕವಾದ ಡಿಎಂಎಸ್‌ಒ ಪ್ರಮಾಣವನ್ನು ಒಂದೊಂದೇ ಹಂತ ಹೆಚ್ಚಿಸುತ್ತ ಹೋದೆ. ಕೊನೆಗೆ ಗ್ವಾನಿನ್ನಿನ ಒಂದು ಪಾಲನ್ನು, ಆ ಚೌಕದ ಗಂಟುಗಳಲ್ಲಿ ಸೇರಿಕೊಳ್ಳಲಾರದಂತೆ ಮಾರ್ಪಡಿಸಿದ ಗ್ವಾನಿನ್ನಿನಿಂದ ಬದಲಿಸಿದೆ. ಐದನೆಯ ವಾರ, ನಿರೀಕ್ಷಿಸಿದ ಗಾತ್ರದ ಎತ್ತರದಲ್ಲಿ, ಕೂದಲೆಳೆಯಷ್ಟು ತೆಳುವಾದ ಒಂದು ಪಟ್ಟಿ ಕಾಣಿಸಿತು. ಮಾರ್ಪಡಿಸಿದ ಗ್ವಾನಿನ್ ಸೇರಿದ ಡಿಎನ್‌ಎಯಲ್ಲಿ ಪಟ್ಟಿಗಳನ್ನು ಹೊಳೆಯಿಸುವ ಬಣ್ಣವಾದ ಎಥಿಡಿಯಂ ಬ್ರೋಮೈಡಿನ ಹೊಳಪು ಕುಂದುವುದರಿಂದ, ಪಟ್ಟಿ ಕಂಡದ್ದಕ್ಕಿಂತ ಹೆಚ್ಚು ಡಿಎನ್‌ಎ ಅಲ್ಲಿತ್ತು ಎಂಬುದು ಆಮೇಲೆ ತಿಳಿಯಿತು. ಆ ಸಂಜೆ ದೀಪ ಆರಿಸಿ, ನೇರಳಾತೀತ ಬೆಳಕಿನಲ್ಲಿ ಆ ಗೆರೆಯನ್ನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ ನೆನಪಿಲ್ಲ.

ಪಟ್ಟಿಯನ್ನು ಕತ್ತರಿಸಿ ತೆಗೆದು ಅಕ್ಷರಕ್ಕೊಂದು ಬಣ್ಣದ ಸಂಕೇತ ಕೊಟ್ಟು ಓದುವ ಸ್ಯಾಂಗರ್ ವಿಧಾನದಲ್ಲಿ ಓದಿಸಿದಾಗ, ಬಂದ ಚಿತ್ರದಲ್ಲಿ ನಾಲ್ಕು ಬಣ್ಣದ ಶಿಖರಗಳು ಒಂದು ಹಂತದವರೆಗೆ ಎತ್ತರವಾಗಿ, ಅಚ್ಚುಕಟ್ಟಾಗಿ ಸಾಗಿ, ಗ್ವಾನಿನ್‌ಗಳ ಒಂದು ಸಾಲು ಎದುರಾದ ಕೂಡಲೇ ಗೋಡೆಗೆ ತಾಗಿದಂತೆ ನೆಲಕ್ಕಿಳಿದಿದ್ದವು. ಎದುರು ಎಳೆಯಲ್ಲಿ ಆ ಸಾಲು ಸೈಟೋಸಿನ್ನಿನದಾಗುವುದರಿಂದ ಆ ಬದಿಯಿಂದ ಓದಿಸಿದರೆ ದಾಟಬಹುದೆಂದು ಆಶಿಸಿದ್ದೆ. ಅಲ್ಲಿ ಮಡಿಕೆ ಅಡ್ಡ ಬಂದು, ಓದು ಕೆಲವೇ ಅಕ್ಷರ ಮುಂದೆ ಹೋಗಿ ನಿಂತಿತು. ಎರಡೂ ಬದಿಯ ಓದುಗಳು ಒಂದನ್ನೊಂದು ಸ್ವಲ್ಪವೇ ಹಾಯ್ದದ್ದರಿಂದ ನಡುವಿನ ತುಂಡು ಕೂಡಿಕೊಂಡಿತು. 2016ರಲ್ಲಿ ಪ್ರಕಟವಾದ ಅನುಕ್ರಮದ ಜೊತೆ ಅದು ಹೊಂದಿತು. ಪಾಲಿಮರೇಸ್ ಎಲ್ಲಿ ಎಡವುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದುವುದೇ ಬೇರೆ, ಶಿಖರಗಳು ಕುಸಿದ ಆ ಜಾಗವನ್ನು ಅಕ್ಷರದ ಲೆಕ್ಕದಲ್ಲಿ ತೋರಿಸಬಲ್ಲೆ ಎಂಬುದೇ ಬೇರೆ.

ಇದಾದ ಮೇಲೆ ಪಿಸಿಆರ್ ಹಂತವೇ ಇಲ್ಲದೆ ಸಿದ್ಧಪಡಿಸಿದ ಮಾದರಿಯನ್ನು ಅದೇ ಬಗೆಯ ಸಣ್ಣ ರೀಡುಗಳ ಯಂತ್ರಕ್ಕೆ ಕಳುಹಿಸಿದೆವು. ಲೆಪ್ಟಿನ್ನಿನ ಮೇಲಿನ ಓದು ಎರಡು-ಮೂರರಿಂದ ಒಂಬತ್ತಕ್ಕೆ ಏರಿತು, ಅದಕ್ಕಿಂತ ಮೇಲೆ ಹೋಗಲಿಲ್ಲ. ಕಾರಣ ಆಮೇಲೆ ಹೊಳೆಯಿತು: ಮಾದರಿ ಸಿದ್ಧಪಡಿಸುವಾಗ ನಾವು ಪ್ರತಿ ಹೆಚ್ಚಿಸದಿದ್ದರೂ, ಯಂತ್ರದೊಳಗೆ ಗಾಜಿನ ಮೇಲ್ಮೈಗೆ ಅಂಟಿದ ಪ್ರತಿ ತುಣುಕೂ ಬೆಳಕಿನ ಸಂಕೇತ ಕೊಡುವಷ್ಟು ದೊಡ್ಡ ಗುಂಪಾಗಲು ಅಲ್ಲೇ ಪ್ರತಿಗಳಾಗಬೇಕು. ಜರಡಿ ಒಂದಲ್ಲ, ಎರಡಿದ್ದವು. 2004ರ ಜೀನೋಮಿನ ಕಾಲಕ್ಕೆ ಬೇರೊಂದಿತ್ತು. ಆಗ ತುಣುಕುಗಳನ್ನು ಬ್ಯಾಕ್ಟೀರಿಯಾದಲ್ಲಿಟ್ಟು ಬೆಳೆಸುತ್ತಿದ್ದರು, ಕೆಲವು ತುಣುಕುಗಳು ಬ್ಯಾಕ್ಟೀರಿಯಾದೊಳಗೆ ಸ್ಥಿರವಾಗಿ ಉಳಿಯುವುದೇ ಇಲ್ಲ.

ಆರ್‌ಎನ್‌ಎ (ಕೆಲಸ ಮಾಡುವ ಜೀನಿನಿಂದ ತಯಾರಾಗುವ ನಕಲು) ಮೂಲಕ ಹುಡುಕುವ ದಾರಿಯನ್ನೂ ಪ್ರಯತ್ನಿಸಿದೆ, ಮೊದಲು ತಪ್ಪಾದ ಕಡೆ. ಸಸ್ತನಿಗಳ ಪಾಠವನ್ನು ನಂಬಿ ಕೊಬ್ಬಿನ ಅಂಗಾಂಶದ ದತ್ತಾಂಶವನ್ನು ಜಾಲಾಡಿದೆ, ಆದರೆ ಕೋಳಿಯಲ್ಲಿ ಲೆಪ್ಟಿನ್ ಅಲ್ಲಿ ಗಮನಾರ್ಹವಾಗಿ ತಯಾರಾಗುವುದಿಲ್ಲ. ಮಿದುಳಿನಂಥ ಕೆಲವು ಕಡೆ, ಅದೂ ಕಡಿಮೆ ಪ್ರಮಾಣದಲ್ಲಿ ತಯಾರಾಗುತ್ತದೆ. ಆದರೂ ನನ್ನ ಪಟ್ಟಿಯ ಬೇರೆ ಜೀನುಗಳ ವಿಷಯದಲ್ಲಿ ಈ ದಾರಿ ಬಹಳ ಫಲ ಕೊಟ್ಟಿತು. ಹಲವು ಅಂಗಗಳ ಆರ್‌ಎನ್‌ಎ ದತ್ತಾಂಶವನ್ನು ಒಟ್ಟುಗೂಡಿಸಿ ಜೋಡಿಸಿದಾಗ ಜೀನೋಮಿನಲ್ಲಿ ಕಾಣದ ಎಷ್ಟೋ ಜೀನುಗಳ ಚೂರುಗಳು ಕೈಗೆ ಬಂದವು. 2015 ಮತ್ತು 2017ರಲ್ಲಿ ಬೇರೆ ತಂಡಗಳು ಇದೇ ದಾರಿಯಲ್ಲಿ ಹೋಗಿ, ಆ 274ರ ಪಟ್ಟಿಯಲ್ಲಿದ್ದ ಹಲವು ಜೀನುಗಳು ಕೋಳಿಯಲ್ಲಿ ಇವೆ ಎಂದು ಆಗಲೇ ತೋರಿಸಿದ್ದವು. ಪ್ರತಿರಕ್ಷೆಯಲ್ಲಿ, ಉರಿಯೂತದಲ್ಲಿ ಮುಖ್ಯ ಪಾತ್ರವಿರುವ ಟಿಎನ್‌ಎಫ್ ಜೀನು ಕೋಳಿಯಲ್ಲಿ ಇಲ್ಲವೆಂಬ ಮಾತು ಬಹುಕಾಲ ನಡೆದಿತ್ತು. 2018ರಲ್ಲಿ ಅದೂ ಪತ್ತೆಯಾಯಿತು, ಅದೂ ಜಿ–ಸಿ ತುಂಬಿದ ಜೀನೇ. ಇಲ್ಲವೆಂದು ಬರೆದಿಟ್ಟ ಮಾತನ್ನು ಆಧರಿಸಿ ಹಕ್ಕಿಗಳ ಉರಿಯೂತ ಬೇರೆಯೇ ರೀತಿಯದೆಂದು ವಿವರಿಸಲು ಹೊರಟರೆ ಆ ವಿವರಣೆಯೂ ತಪ್ಪುದಾರಿ ಹಿಡಿಯುತ್ತದೆ. ಇದು ನನ್ನನ್ನು ನಿಜವಾಗಿ ಕಾಡುವ ವಿಷಯ.

ಹಾಗೆಂದು ಯಾವ ಜೀನೂ ಕಳೆದುಹೋಗಿಲ್ಲ ಎನ್ನುವುದೂ ಸರಿಯಲ್ಲ. ಹಲ್ಲಿನ ಎನಾಮಲ್‌ಗೆ ಬೇಕಾದ ಜೀನುಗಳನ್ನು ಹಕ್ಕಿಗಳು ನಿಜವಾಗಿ ಕಳೆದುಕೊಂಡಿವೆ. ಅದನ್ನು ನಂಬಲು ಕಾರಣವಿದೆ: ಆ ಜೀನುಗಳ ಅವಶೇಷಗಳು ಹಕ್ಕಿಗಳ ಜೀನೋಮಿನಲ್ಲಿ ಇನ್ನೂ ಇವೆ, ಅಕ್ಷರ ಬಿದ್ದುಹೋಗಿ, ನಡುವೆಯೇ ನಿಲುಗಡೆಯ ಸಂಕೇತ ಬಂದು, ಕೆಲಸಕ್ಕೆ ಬಾರದಂತಾದ ಸ್ಥಿತಿಯಲ್ಲಿ. ಪಾಳು ಮನೆಯ ಅಡಿಪಾಯ ಕಂಡರೆ ಮನೆ ಬಿದ್ದದ್ದು ನಿಜವೆನ್ನಬಹುದು. ಅಡಿಪಾಯವಿಲ್ಲದಿದ್ದರೆ, ಅಕ್ಕಪಕ್ಕದ ಎರಡು ಮನೆಗಳು ಒಂದಕ್ಕೊಂದು ತಾಗಿ ನಿಂತಿರುವುದಾದರೂ ಕಾಣಬೇಕು, ಅಂದರೆ ಜೀನಿನ ಎರಡೂ ಬದಿಯ ನೆರೆಜೀನುಗಳ ನಡುವಿನ ಜಾಗವನ್ನು ಒಂದೇ ರೀಡು ಅಖಂಡವಾಗಿ ಓದಿರಬೇಕು. ನನ್ನ ಕೋಷ್ಟಕದಲ್ಲಿದ್ದ ಬಹುಪಾಲು ಜೀನುಗಳಿಗೆ ಈ ಎರಡರಲ್ಲಿ ಯಾವ ಸಾಕ್ಷ್ಯವೂ ಇರಲಿಲ್ಲ. ಅವುಗಳ ನೆರೆಹೊರೆಯೇ ತುಂಡುತುಂಡಾಗಿ, ಎಲ್ಲಿ ಸೇರಬೇಕೆಂದು ಗೊತ್ತಿಲ್ಲದ ಚೂರುಗಳಲ್ಲಿ ಹರಡಿಕೊಂಡಿತ್ತು.

ಕೊನೆಯ ಹಂತದಲ್ಲಿ ಉದ್ದ ರೀಡುಗಳ ವಿಧಾನಕ್ಕೆ ಹೋದೆವು. ಇಲ್ಲಿ ಡಿಎನ್‌ಎಯ ಒಂದೊಂದು ಅಣುವನ್ನೂ ಪ್ರತಿ ಹೆಚ್ಚಿಸದೆ ನೇರವಾಗಿ ಓದಲಾಗುತ್ತದೆ, ಒಂದೇ ಓದು ಹತ್ತಾರು ಸಾವಿರ ಅಕ್ಷರ ಉದ್ದವಿರುತ್ತದೆ. ಮೊದಲನೆಯ ವರ್ಣತಂತುವಿನ ತುದಿಯಲ್ಲಿ ಲೆಪ್ಟಿನ್ ತನ್ನ ನೆರೆಜೀನುಗಳ ನಡುವೆ ಕುಳಿತದ್ದನ್ನು ಒಂದೇ ರೀಡಿನಲ್ಲಿ ಕಂಡೆ. ಆದರೆ ಇಲ್ಲೂ ಎಲ್ಲವೂ ಸಲೀಸಾಗಿರಲಿಲ್ಲ. ಅತಿ ಚಿಕ್ಕ ವರ್ಣತಂತುಗಳಲ್ಲಿ ಓದಿನ ಸಂಖ್ಯೆ ಉಳಿದೆಡೆಗಿಂತ ಕಡಿಮೆಯೇ ಇತ್ತು. ಒಂದೇ ಅಕ್ಷರ ಸಾಲಾಗಿ ಬಂದ ಕಡೆ ಎಣಿಕೆಯಲ್ಲಿ ದೋಷಗಳಿದ್ದವು, ಅಂಥ ದೋಷ ಒಂದು ಸರಿಯಾದ ಜೀನನ್ನು ಕೆಟ್ಟುಹೋದ ಜೀನಿನಂತೆ ತೋರಿಸಬಲ್ಲದು. 2023ರಲ್ಲಿ ಪ್ರಕಟವಾದ ಕೋಳಿಯ ಸಂಪೂರ್ಣ ಜೀನೋಮಿನಲ್ಲಿ ಈ ಚುಕ್ಕೆ ವರ್ಣತಂತುಗಳನ್ನೂ ತುದಿಯಿಂದ ತುದಿಗೆ ಜೋಡಿಸಲು ಆ ತಂಡ ಒಂದಕ್ಕಿಂತ ಹೆಚ್ಚು ಬಗೆಯ ಉದ್ದ ರೀಡುಗಳನ್ನು ಬಳಸಬೇಕಾಯಿತು ಎಂಬುದು ಆಗ ನನಗೆ ಚೆನ್ನಾಗಿ ಅರ್ಥವಾಯಿತು.

ಈಗ ನನ್ನ ಕೋಷ್ಟಕದಲ್ಲಿ ಒಂದು ಅಂಕಣದ ಬದಲು ಮೂರು ಇವೆ: ಅವಶೇಷ ಕಂಡದ್ದರಿಂದ ಕಳೆದುಹೋಗಿದೆ ಎನ್ನಬಹುದಾದವು, ಬೇರೆ ವಿಧಾನದಿಂದ ಸಿಕ್ಕವು, ಮತ್ತು ಇನ್ನೂ ನೋಡಲಾಗದ ಜಾಗದಲ್ಲಿರುವವು. ಮೊದಲಿನ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಜೀನುಗಳು ಎರಡನೆಯ ಅಂಕಣಕ್ಕೆ ಹೋಗಿವೆ. ಪ್ರತಿ ಹೆಸರಿನ ಮುಂದೆ ಆ ಜಾಗದಲ್ಲಿ ಎಷ್ಟು ಬಾರಿ ಓದು ಬಿದ್ದಿದೆ ಎಂಬ ಸಂಖ್ಯೆಯನ್ನೂ ಬರೆದಿದ್ದೇನೆ, ಓದುವವರು ನನ್ನ ಮಾತನ್ನಲ್ಲದೆ ಆ ಸಂಖ್ಯೆಯನ್ನು ನೋಡಿ ತೀರ್ಮಾನಿಸಲಿ ಎಂದು. ಮೂರನೆಯ ಅಂಕಣದಲ್ಲಿ 11 ಹೆಸರುಗಳು ಉಳಿದಿವೆ. ಅವುಗಳ ಪೈಕಿ ನಾಲ್ಕಕ್ಕೆ ಹೊಸ ಪ್ರೈಮರುಗಳು ಕಳೆದ ವಾರ ಬಂದಿವೆ.